ತಪ್ಪು ಉತ್ತರದ ಹಿಂದೊಂದು ನಿಯಮ: ಒಂದೇ ಮಗುವಿನ ಜೊತೆ ಕೂತು ಹೇಳಿಕೊಡುವ ಪಾಠ ಹೇಗೆ ಕೆಲಸ ಮಾಡುತ್ತದೆ

403ರಲ್ಲಿ 167 ಕಳೆ ಎಂದರೆ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು 364 ಎಂದು ಬರೆದಿದ್ದಾಳೆ ಅಂದುಕೊಳ್ಳಿ. ಸರಿಯಾದ ಉತ್ತರ 236. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಈ ಲೆಕ್ಕಕ್ಕೆ ಸಿಗುವುದು ಕೆಂಪು ಪೆನ್ನಿನ ಒಂದು ಗೀಟು, ಪಕ್ಕದಲ್ಲಿ 'ಗಮನ ಕೊಡು' ಎಂಬ ಷರಾ. ಟೀಚರ್‌ದೇನೂ ತಪ್ಪಿಲ್ಲ. ಅವರಿಗೆ ಇನ್ನೂ ಮೂವತ್ತೊಂಬತ್ತು ಪುಸ್ತಕ ತಿದ್ದುವುದಿದೆ.

ಆದರೆ ಆ 364 ಅನ್ನು ಸ್ವಲ್ಪ ಹೊತ್ತು ನೋಡಿ. 7ರಲ್ಲಿ 3 ಹೋದರೆ 4. 6ರಲ್ಲಿ 0 ಹೋದರೆ 6. 4ರಲ್ಲಿ 1 ಹೋದರೆ 3. ಹುಡುಗಿ ಗಮನ ಕೊಡದೆ ಏನನ್ನೋ ಗೀಚಿಲ್ಲ. ಅವಳ ತಲೆಯಲ್ಲಿ ಒಂದು ನಿಯಮ ಇದೆ: ಮೇಲಿರಲಿ, ಕೆಳಗಿರಲಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆ. ನಿಯಮ ತಪ್ಪು, ಪಾಲನೆ ಮಾತ್ರ ಚಾಚೂ ತಪ್ಪಿಲ್ಲ. ಆದರೂ ಅದೇ ಹುಡುಗಿಗೆ 43ರಲ್ಲಿ 17 ಕೊಡಿ. ಪಕ್ಕದ ಮನೆಯಿಂದ ಸಾಲ ತಂದು ಸರಿಯಾಗಿ 26 ಬರೆಯಬಹುದು. 403ರಲ್ಲಿ ಪಕ್ಕದ ಮನೆಯಲ್ಲಿ ಕೂತಿರುವುದು ಸೊನ್ನೆ. ಸೊನ್ನೆಯ ಹತ್ತಿರ ಸಾಲ ಕೇಳುವುದು ಹೇಗೆ? ಅಲ್ಲಿ ದಾರಿ ಕಾಣದೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುವ ಅಡ್ಡದಾರಿ ಹಿಡಿದಿದ್ದಾಳೆ, ಅಷ್ಟೇ.

ಇದು ನನ್ನ ಊಹೆಯಲ್ಲ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು 1978ರಲ್ಲಿ ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. ಬಹಳಷ್ಟು ತಪ್ಪುಗಳು ಹೀಗೆ ಕ್ರಮಬದ್ಧವಾಗಿದ್ದವು. ಎರಡು ವರ್ಷದ ನಂತರ ಬ್ರೌನ್ ಅವರೇ ಕರ್ಟ್ ವ್ಯಾನ್‌ಲೇನ್ ಜೊತೆ ಸೇರಿ ಇನ್ನೊಂದು ಮಾತು ಹೇಳಿದರು: ಮುಂದೆ ಏನು ಮಾಡಬೇಕೆಂದು ತಿಳಿಯದಾಗ ಮಗು ಸುಮ್ಮನೆ ಕೂರುವುದಿಲ್ಲ, ಗೊತ್ತಿರುವುದರಲ್ಲೇ ಏನೋ ಒಂದು ರಿಪೇರಿ ಮಾಡಿಕೊಂಡು ಮುಂದೆ ಹೋಗುತ್ತದೆ.

ನಿಯಮ ಸಿಕ್ಕಿದ ಮೇಲೆ ಉಳಿದ ಕೆಲಸ ಹತ್ತು ನಿಮಿಷದ್ದು. ನೂರರ ನಾಲ್ಕು ನೋಟು, ಒಂದು ರೂಪಾಯಿಯ ಮೂರು ನಾಣ್ಯ ಮೇಜಿನ ಮೇಲಿಡಿ. 'ನನಗೆ ಏಳು ರೂಪಾಯಿ ಚಿಲ್ಲರೆ ಕೊಡು' ಎನ್ನಿ. ನೂರರ ಒಂದು ನೋಟು ಮುರಿಸಿ ಹತ್ತು ಹತ್ತರ ನೋಟಾಗುತ್ತದೆ, ಅದರಲ್ಲೊಂದು ಮುರಿಸಿ ಹತ್ತು ಬಿಡಿ ನಾಣ್ಯವಾಗುತ್ತದೆ. ಇನ್ನೂ ಚುರುಕಾದ ಮಗುವಾದರೆ 403 ಅಂದರೆ 40 ಹತ್ತು ಮತ್ತು 3 ಬಿಡಿ ಎಂದು ತಾನೇ ಕಂಡುಕೊಳ್ಳುತ್ತದೆ. ಒಂದು ಹತ್ತನ್ನು ಮುರಿದರೆ 39 ಹತ್ತು, 13 ಬಿಡಿ. 13ರಲ್ಲಿ 7 ಹೋದರೆ 6, 39ರಲ್ಲಿ 16 ಹೋದರೆ 23. ಮುಗಿಯಿತು.

ಕಷ್ಟ ಇರುವುದು ನಿಯಮವನ್ನು ಹೊರಗೆ ತರುವುದರಲ್ಲಿ. ಅದಕ್ಕೆ ಮಗುವನ್ನೇ ಕೇಳಬೇಕು, 'ಹೇಗೆ ಮಾಡಿದೆ, ಹೇಳು' ಎಂದು. ನಮ್ಮ ಬಹಳಷ್ಟು ಮಕ್ಕಳಿಗೆ ಈ ಪ್ರಶ್ನೆಯೇ ಗಾಬರಿ. ಉತ್ತರ ತಪ್ಪಾದಾಗ ಮಾತ್ರ ದೊಡ್ಡವರು ಅದನ್ನು ಕೇಳುತ್ತಾರೆ ಎಂದು ಅವಕ್ಕೆ ಗೊತ್ತು. ತಕ್ಷಣ ಕೈ ಅಡ್ಡ ಬರುತ್ತದೆ. ರಬ್ಬರ್ ಹುಡುಕುತ್ತವೆ. ನೀರು ಕುಡಿದು ಬರುತ್ತೇನೆ ಎಂದು ಏಳುತ್ತವೆ. ಕೆಲವು ಮಕ್ಕಳಿಗೆ ಗಣಿತದ ಪುಸ್ತಕ ತೆಗೆದ ಕೂಡಲೇ ನಿಜವಾಗಿಯೂ ಹೊಟ್ಟೆ ನೋವು ಬರುತ್ತದೆ, ನಾಟಕ ಅಲ್ಲ.

ಪಾಠ ಮತ್ತು ಮನಸ್ಸು ಒಂದೇ ಕೆಲಸದ ಎರಡು ಕೈ ಎಂದು ಹೇಳುವುದು ಇದಕ್ಕೇ. ಭಯ ಇರುವ ಮಗು ತನ್ನ ತಪ್ಪನ್ನು ತೋರಿಸುವುದಿಲ್ಲ. ತೋರಿಸದ ತಪ್ಪನ್ನು ತಿದ್ದಲು ಯಾರಿಂದಲೂ ಆಗುವುದಿಲ್ಲ. ಈಗ ಊರಿನಲ್ಲೆಲ್ಲ ಮನೆಪಾಠಕ್ಕೆ ಒಂದು ಫೀಸು, ಭಾವನೆಗಳನ್ನು ಸಂಭಾಳಿಸಲು ಕಲಿಸುವ 'ಸೋಷಿಯಲ್ ಎಮೋಷನಲ್ ಕೋಚಿಂಗ್'ಗೆ ಇನ್ನೊಂದು ಫೀಸು ಎಂದು ಎರಡು ಪೊಟ್ಟಣ ಮಾರುವವರಿದ್ದಾರೆ. ನನ್ನ ಮಟ್ಟಿಗೆ ಆ ವಿಂಗಡಣೆಯೇ ಸರಿಯಿಲ್ಲ.

50ನೇ ಜಾಗದಿಂದ ಎಲ್ಲಿಗೆ?

ಒಂದೇ ಮಗುವಿಗೆ ಹೇಳಿಕೊಡುವ ಮಾತು ಬಂದಾಗ ಎಲ್ಲರೂ ಎತ್ತುವ ಹೆಸರು ಬೆಂಜಮಿನ್ ಬ್ಲೂಮ್. ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಶಿಕ್ಷಣತಜ್ಞರು. ತಮ್ಮ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳ ಪ್ರಯೋಗಗಳನ್ನು ಇಟ್ಟುಕೊಂಡು 1984ರಲ್ಲಿ ಒಂದು ಲೇಖನ ಬರೆದರು. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ, ಅಂದರೆ 50ನೇ ಜಾಗದಲ್ಲಿ ಒಂದು ಮಗು ಇರುತ್ತದಲ್ಲ, ಅಂಥ ಮಗುವಿಗೆ ಪ್ರತ್ಯೇಕವಾಗಿ ಹೇಳಿಕೊಟ್ಟರೆ ಅದು 2ನೇ ಜಾಗದ ಹತ್ತಿರಕ್ಕೆ ಬರುತ್ತದೆ ಎನ್ನುವುದು ಅದರ ಸಾರ. ಆನ್‌ಲೈನ್ ಪಾಠ ಮಾರುವವರಿಗೆ ಈ ಅಂಕಿ ಇವತ್ತಿಗೂ ಬಲು ಪ್ರೀತಿ.

ಆ ಪ್ರಯೋಗಗಳನ್ನು ಬಿಡಿಸಿ ನೋಡಿದರೆ ಉತ್ಸಾಹ ಸ್ವಲ್ಪ ಇಳಿಯುತ್ತದೆ. ಅವು ನಡೆದದ್ದು ಸುಮಾರು ಮೂರು ವಾರ. ವಿಷಯ ಮಕ್ಕಳಿಗೆ ಹೊಸದು. ಕಲಿಸಿದ ಅಷ್ಟೇ ಪಾಠದ ಮೇಲೆ ಪರೀಕ್ಷೆ. ಜೊತೆಗೆ ಒಬ್ಬೊಬ್ಬರಾಗಿ ಕಲಿತ ಮಕ್ಕಳಿಗೆ ಪದೇ ಪದೇ ಕಿರುಪರೀಕ್ಷೆ, ತಿದ್ದುಪಡಿ, ಮತ್ತೆ ಪರೀಕ್ಷೆ ಇದ್ದವು. ಸಾಮಾನ್ಯ ಕ್ಲಾಸಿನವರಿಗೆ ಅದೆಲ್ಲ ಇರಲಿಲ್ಲ. 2020ರಲ್ಲಿ ಆಂಡ್ರೆ ನಿಕೋ ಮತ್ತು ಸಂಗಡಿಗರು ಶ್ರೀಮಂತ ದೇಶಗಳ 96 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಅವರ ಪ್ರಕಾರ 50ನೇ ಜಾಗದ ಮಗು ಸರಾಸರಿ 36ನೇ ಜಾಗಕ್ಕೆ ಬರುತ್ತದೆ. ಪವಾಡ ಅಲ್ಲ. ಆದರೂ ಶಿಕ್ಷಣದಲ್ಲಿ ಇಷ್ಟು ಫಲ ಕೊಡುವ ಉಪಾಯಗಳು ಬಹಳ ಕಡಿಮೆ.

ಆ ಲೆಕ್ಕದಲ್ಲೇ ನಮಗೆ ಉಪಯೋಗಕ್ಕೆ ಬರುವ ಕೆಲವು ವಿಷಯಗಳಿವೆ. ಶಾಲೆಯ ಹೊತ್ತಿನಲ್ಲೇ ಕೂರಿಸಿ ಹೇಳಿಕೊಟ್ಟಾಗ ಫಲ ಜಾಸ್ತಿ, ಶಾಲೆ ಬಿಟ್ಟ ಮೇಲೆ ಕಡಿಮೆ. ಸುಸ್ತಾದ ಮಗು ಕಲಿಯುವುದು ಅಷ್ಟರಲ್ಲೇ ಇದೆ, ಅಲ್ವಾ? ಶಿಕ್ಷಕರೋ ತರಬೇತಿ ಪಡೆದ ಸಹಾಯಕರೋ ಹೇಳಿಕೊಟ್ಟಾಗ ಫಲ ಚೆನ್ನಾಗಿದೆ, ಅಪ್ಪ ಅಮ್ಮ ಹೇಳಿಕೊಟ್ಟಾಗ ಅಷ್ಟಿಲ್ಲ. ಅದಕ್ಕೆ ಒಂದು ಕಾರಣವನ್ನು ಮುಂದೆ ನೋಡೋಣ.

ಒಳ್ಳೆಯ ಟ್ಯೂಟರ್ ಏನು ಮಾಡುತ್ತಾರೆ

1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಎಂಬ ಮೂವರು ಒಂದು ಪುಟ್ಟ ಪ್ರಯೋಗ ಮಾಡಿದರು. ಮೂರು, ನಾಲ್ಕು, ಐದು ವರ್ಷದ 30 ಮಕ್ಕಳು. 21 ಮರದ ತುಂಡುಗಳು. ಒಂದಕ್ಕೊಂದು ಸಿಕ್ಕಿಸಿದರೆ ಪಿರಮಿಡ್ ಆಗುತ್ತದೆ. ಪ್ರತಿ ಮಗುವಿನ ಜೊತೆಗೂ ಒಬ್ಬರೇ ಟ್ಯೂಟರ್. ಮಗು ಕಟ್ಟುವಾಗ ಅವರು ಯಾವಾಗ ಕೈ ಹಾಕಿದರು, ಯಾವಾಗ ಬಾಯಲ್ಲಿ ಹೇಳಿದರು, ಯಾವಾಗ ಸುಮ್ಮನಿದ್ದರು ಎಂದು ಬರೆದುಕೊಂಡರು.

ಮನೆ ಕಟ್ಟುವಾಗ ಗೋಡೆ ಏಳುವ ತನಕ ಸಾರುವೆ ಕಟ್ಟಿ ಆಮೇಲೆ ಬಿಚ್ಚುತ್ತಾರಲ್ಲ, ಹೇಳಿಕೊಡುವವರ ನೆರವೂ ಹಾಗೆ ಎಂಬ ಹೋಲಿಕೆ ಬಂದದ್ದು ಈ ಲೇಖನದಿಂದ. ಅವರು ಗುರುತಿಸಿದ ಕೆಲಸ ಆರು. ಮಗುವಿಗೆ ಕೆಲಸದಲ್ಲಿ ಆಸಕ್ತಿ ಹುಟ್ಟಿಸುವುದು. ಒಟ್ಟಿಗೆ ಎಲ್ಲವನ್ನೂ ಕೊಡದೆ ಕೆಲಸವನ್ನು ಚಿಕ್ಕದು ಮಾಡುವುದು. ಗುರಿ ತಪ್ಪದಂತೆ ನೋಡಿಕೊಳ್ಳುವುದು. ಎಲ್ಲಿ ವ್ಯತ್ಯಾಸವಿದೆ ಎಂದು ತೋರಿಸುವುದು. ಬೇಕಾದಾಗ ಒಮ್ಮೆ ಮಾಡಿ ತೋರಿಸುವುದು. ಉಳಿದ ಒಂದು ಕೆಲಸ ಮಗುವಿನ ಹತಾಶೆಯನ್ನು ಹದದಲ್ಲಿ ಇಡುವುದು. ಟ್ಯೂಟರ್ ಇದ್ದಾಗ ಕೆಲಸ ಮಗುವಿಗೆ ಒಂದಿಷ್ಟು ಹಗುರ ಅನ್ನಿಸಬೇಕು, ಆದರೆ ಮಗು ಟ್ಯೂಟರ್ ಮೇಲೇ ಒರಗಿಬಿಡಬಾರದು ಎಂದು ಅವರು ಎಚ್ಚರಿಸಿದರು. ಸುಮಾರು ಐವತ್ತು ವರ್ಷದ ಹಿಂದೆಯೇ ಮನಸ್ಸಿನ ಕೆಲಸ ಪಾಠದ ಕೆಲಸದ ಪಟ್ಟಿಯಲ್ಲೇ ಇತ್ತು. ಅದನ್ನು ಹೊರಗೆ ತೆಗೆದು ಬೇರೆ ಬೋರ್ಡ್ ಹಾಕಿದ್ದು ಆಮೇಲಿನವರು.

ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಲೆಪರ್ ತುಂಬ ಪಳಗಿದ ಟ್ಯೂಟರ್‌ಗಳನ್ನು ವರ್ಷಗಟ್ಟಲೆ ಗಮನಿಸಿದರು. ಅವರು ಕಂಡದ್ದು ಸ್ವಾರಸ್ಯವಾಗಿದೆ. ಇಂಥವರು 'ತಪ್ಪು' ಎಂದು ನೇರವಾಗಿ ಹೇಳುವುದು ಬಹಳ ಅಪರೂಪ. ಉತ್ತರ ಹೇಳುವುದು ಇನ್ನೂ ಅಪರೂಪ. ಹೆಚ್ಚಿನ ಮಾತು ಪ್ರಶ್ನೆಯ ರೂಪದಲ್ಲೇ ಇರುತ್ತದೆ. 'ಇಲ್ಲಿ 7 ಮೇಲಿದೆಯಾ, ಕೆಳಗಿದೆಯಾ?' ಎಂದು ಕೇಳುತ್ತಾರೆ. ಮಗು ತಾನೇ ನೋಡಿ 'ಅಯ್ಯೋ' ಅನ್ನುತ್ತದೆ. ತಪ್ಪು ಸಿಕ್ಕಿತು, ಮುಖ ಸಪ್ಪಗಾಗಲಿಲ್ಲ. ಹೊಗಳಿಕೆಯಲ್ಲೂ ಅವರು ಜಿಪುಣರು. ಮಾತುಮಾತಿಗೆ 'ವೆರಿ ಗುಡ್' ಎನ್ನುವುದಿಲ್ಲ. ಮಗು ಗೆದ್ದದ್ದು ಮಗುವಿಗೇ ಕಾಣುವಂತೆ ಲೆಕ್ಕವನ್ನು ಜೋಡಿಸುತ್ತಾರೆ.

ಹೊಗಳಿಕೆಯ ವಿಷಯ ಬಂತು, ಒಂದು ಮಾತು. 1998ರಲ್ಲಿ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಒಗಟು ಕೊಟ್ಟು, ಕೆಲವರನ್ನು 'ನೀನು ಬುದ್ಧಿವಂತ' ಎಂದೂ ಕೆಲವರನ್ನು 'ಚೆನ್ನಾಗಿ ಶ್ರಮ ಪಟ್ಟೆ' ಎಂದೂ ಹೊಗಳಿದರು. ಆಮೇಲೆ ಕಷ್ಟದ ಒಗಟು ಕೊಟ್ಟು ಸೋಲಿಸಿದರು. ಬುದ್ಧಿವಂತ ಎನ್ನಿಸಿಕೊಂಡವರು ಬೇಗ ಕೈಬಿಟ್ಟರು. ಬೇರೆ ಮಕ್ಕಳಿಗೆ ತಮ್ಮ ಅಂಕ ಹೇಳುವಾಗ ಸುಳ್ಳು ಹೇಳಿದವರೂ ಅವರಲ್ಲೇ ಜಾಸ್ತಿ. 'ನಮ್ಮ ಪುಟ್ಟ ತುಂಬ ಬ್ರಿಲಿಯಂಟ್' ಎಂದು ನೆಂಟರ ಮುಂದೆ ಹೇಳುವ ಅಜ್ಜ ಅಜ್ಜಿಯರನ್ನು ಯಾರು ತಡೆಯಲು ಸಾಧ್ಯ ಹೇಳಿ, ಆದರೆ ಹೋಂವರ್ಕ್ ಮೇಜಿನ ಹತ್ತಿರ ಆ ಮಾತನ್ನು ಬಿಡಬಹುದು.

ಭಯ ಕೂತಿರುವ ಜಾಗ

ಗಣಿತದ ಭಯ ಎನ್ನುವುದು ಸೋಮಾರಿತನಕ್ಕೆ ಕೊಟ್ಟ ನಯವಾದ ಹೆಸರಲ್ಲ. ಮನಸ್ಸಿನಲ್ಲಿ ಅಂಕಿಗಳನ್ನು ಹಿಡಿದಿಟ್ಟುಕೊಂಡು ಲೆಕ್ಕ ಮಾಡಲು ಸ್ವಲ್ಪವೇ ಜಾಗ ಇರುತ್ತದೆ. 'ಬರಲ್ಲ, ಬೈತಾರೆ' ಎಂಬ ಚಿಂತೆ ಆ ಜಾಗದಲ್ಲೇ ಬಂದು ಕೂರುತ್ತದೆ. ಲೆಕ್ಕಕ್ಕೆ ಉಳಿಯುವುದು ಇಕ್ಕಟ್ಟು. ಮನೆಯಲ್ಲಿ ಬಾಯಿಪಾಠ ಬಂದ ಮಗ್ಗಿ ಕ್ಲಾಸಿನಲ್ಲಿ ಎದ್ದು ನಿಂತಾಗ ಬಾರದೆ ಇರುವುದು ಇದರಿಂದ.

ಸ್ಟ್ಯಾನ್‌ಫರ್ಡ್‌ನ ವಿನೋದ್ ಮೆನನ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೂರನೇ ತರಗತಿಯ ಮಕ್ಕಳಿಗೆ ಎಂಟು ವಾರ ಒಬ್ಬೊಬ್ಬರಾಗಿ ಗಣಿತ ಹೇಳಿಕೊಟ್ಟರು. ಅದಕ್ಕೆ ಮೊದಲೂ ನಂತರವೂ ಮಿದುಳಿನ ಸ್ಕ್ಯಾನ್ ತೆಗೆದರು. ಭಯ ಜಾಸ್ತಿ ಇದ್ದ ಮಕ್ಕಳಲ್ಲಿ ಶುರುವಿಗೆ ಅಮಿಗ್ಡಲಾ ಎಂಬ, ಅಪಾಯಕ್ಕೆ ಎಚ್ಚರಾಗುವ ಭಾಗ ಲೆಕ್ಕ ನೋಡಿದರೆ ಸಾಕು ಚುರುಕಾಗುತ್ತಿತ್ತು. ಎಂಟು ವಾರದ ನಂತರ ಅದು ಇಳಿಯಿತು. ಭಯವೂ ಇಳಿಯಿತು. ಆ ಮಕ್ಕಳಿಗೆ ಬೇರೆ ಕೌನ್ಸೆಲಿಂಗ್ ಕೊಟ್ಟಿರಲಿಲ್ಲ. ಕೊಟ್ಟದ್ದು ಗಣಿತ ಪಾಠವನ್ನೇ, ಆದರೆ ಹೆದರಿಕೆ ಇಲ್ಲದ ಜಾಗದಲ್ಲಿ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ. ಭಯ ಹೋದ ಮೇಲೆ ಕಲಿಸೋಣ ಎಂದು ಕಾಯುವವರಿಗೆ ಇದು ಗೊತ್ತಿರಬೇಕು. ಸರಿಯಾಗಿ ಕಲಿಸಿದರೆ ಕಲಿಕೆಯಿಂದಲೇ ಭಯ ಇಳಿಯಬಹುದು.

ಇನ್ನು ಸೋಷಿಯಲ್ ಎಮೋಷನಲ್ ಕಲಿಕೆ ಎಂಬುದರಲ್ಲಿ ಏನೇನು ಸೇರುತ್ತದೆ? 1994ರಲ್ಲಿ ಅಮೆರಿಕದಲ್ಲಿ ಶುರುವಾದ ಕ್ಯಾಸೆಲ್ ಎಂಬ ಸಂಸ್ಥೆಯ ಐದು ಬೆರಳಿನ ಪಟ್ಟಿಯನ್ನೇ ಎಲ್ಲರೂ ಬಳಸುತ್ತಾರೆ: ತನ್ನ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು, ಅದನ್ನು ಸಂಭಾಳಿಸುವುದು, ಬೇರೆಯವರ ಮನಸ್ಸು ಅರಿಯುವುದು, ಹೊಂದಿಕೊಂಡು ಹೋಗುವುದು, ಯೋಚಿಸಿ ತೀರ್ಮಾನ ಮಾಡುವುದು. 2011ರಲ್ಲಿ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು ಇಂಥ 213 ಶಾಲಾ ಕಾರ್ಯಕ್ರಮಗಳನ್ನು, ಒಟ್ಟು 2,70,034 ಮಕ್ಕಳ ಲೆಕ್ಕವನ್ನು ಪರಿಶೀಲಿಸಿದರು. ಓದಿನಲ್ಲೂ ಆ ಮಕ್ಕಳು ಮುಂದೆ ಬಂದಿದ್ದರು, ನಮ್ಮ ನೂರು ಮಕ್ಕಳ ಸಾಲಿನಲ್ಲಿ ಹನ್ನೊಂದು ಜಾಗದಷ್ಟು. ಆದರೆ ಓದಿನ ಲಾಭ ಕಂಡದ್ದು ಶಾಲೆಯ ಟೀಚರ್‌ಗಳೇ ಇದನ್ನು ನಡೆಸಿದಾಗ. ಹೊರಗಿನವರು ಬಂದು ನಡೆಸಿದಾಗ ಓದಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ದಿನಾ ಪಾಠ ಮಾಡುವವರ ಬಾಯಿಂದಲೇ ಬಂದಾಗ ಮಾತಿಗೆ ಬೆಲೆ, ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ಮನೆಯವರ ಪಾಲು

ಅಪ್ಪ ಅಮ್ಮ ಹೇಳಿಕೊಟ್ಟರೆ ಯಾಕೆ ಅಷ್ಟು ಫಲವಿಲ್ಲ? ಎರಿನ್ ಮಲೋನಿ, ಸಿಯಾನ್ ಬೈಲಾಕ್ ಮತ್ತಿತರರ 2015ರ ಅಧ್ಯಯನ ಒಂದು ಸುಳಿವು ಕೊಡುತ್ತದೆ. ಗಣಿತ ಕಂಡರೆ ಆಗದ ಅಪ್ಪ ಅಮ್ಮಂದಿರು ಒಂದು, ಎರಡನೇ ಕ್ಲಾಸಿನ ತಮ್ಮ ಮಕ್ಕಳಿಗೆ ಪದೇ ಪದೇ ಗಣಿತದ ಹೋಂವರ್ಕ್ ಹೇಳಿಕೊಟ್ಟಾಗ, ವರ್ಷದ ಕೊನೆಗೆ ಮಕ್ಕಳು ಕಲಿತದ್ದು ಕಡಿಮೆ, ಭಯಪಟ್ಟದ್ದು ಜಾಸ್ತಿ. ಅಂಥದೇ ಅಪ್ಪ ಅಮ್ಮ ಹೋಂವರ್ಕಿಗೆ ಹೆಚ್ಚು ಕೈ ಹಾಕದಿದ್ದಾಗ ಈ ತೊಂದರೆ ಕಾಣಲಿಲ್ಲ. ಅಂದರೆ ಭಯ ದಾಟಿ ಹೋಗುವುದು ರಕ್ತದಲ್ಲಲ್ಲ, ಹೋಂವರ್ಕ್ ಮೇಜಿನ ಮೇಲೆ. 'ನಂಗೂ ಗಣಿತ ಬರ್ತಿರ್ಲಿಲ್ಲ ಬಿಡು' ಎಂಬ ಸಮಾಧಾನದ ಮಾತು, ಎರಡನೇ ಸಲ ಹೇಳುವಾಗಿನ ನಿಟ್ಟುಸಿರು, ಮೂರನೇ ಸಲಕ್ಕೆ ಏರುವ ದನಿ, ಎಲ್ಲವನ್ನೂ ಮಗು ಕೇಳಿಸಿಕೊಳ್ಳುತ್ತದೆ.

ಹಾಗಾದರೆ ಮನೆಯವರು ದೂರ ಇರಬೇಕೇ? ಖಂಡಿತ ಅಲ್ಲ. ಅವರ ಕೆಲಸ ಬೇರೆ. ಅದನ್ನು ಸ್ಪಷ್ಟವಾಗಿ ಹೇಳಿದವರು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಗಾಟ್‌ಮನ್. ಮಗು ಅತ್ತಾಗ, ಸಿಟ್ಟಾದಾಗ ದೊಡ್ಡವರು ಏನು ಮಾಡುತ್ತಾರೆ ಎಂದು ಕುಟುಂಬಗಳನ್ನು ಕರೆಸಿ ಗಮನಿಸಿದರು. ಅವರು ನಾಲ್ಕು ಬಗೆಯ ಅಪ್ಪ ಅಮ್ಮಂದಿರನ್ನು ಗುರುತಿಸಿದರು. ಇಂಗ್ಲಿಷ್ ಹೆಸರುಗಳು ಬೇಡ, ನಮ್ಮ ಮನೆಗಳಲ್ಲಿ ಅದು ಹೇಗೆ ಕೇಳುತ್ತದೆ ನೋಡೋಣ. ಹುಡುಗ ಲೆಕ್ಕ ಬರಲಿಲ್ಲವೆಂದು ಪೆನ್ಸಿಲ್ ಎಸೆದಿದ್ದಾನೆ.

ಒಂದು ಮನೆಯಲ್ಲಿ: 'ಅಯ್ಯೋ, ಇಷ್ಟಕ್ಕೆಲ್ಲ ಅಳ್ತಾರಾ? ಬಾ, ಐಸ್‌ಕ್ರೀಮ್ ಕೊಡಿಸ್ತೀನಿ.' ಬೇಜಾರನ್ನು ಮುಚ್ಚಿಹಾಕಿದರು.

ಇನ್ನೊಂದು ಮನೆಯಲ್ಲಿ: 'ಗಂಡು ಹುಡುಗ ಆಗಿ ಅಳ್ತೀಯಾ? ಬಾಯಿ ಮುಚ್ಕೊಂಡು ಬರಿ.' ಬೇಜಾರಾದದ್ದೇ ತಪ್ಪು ಎಂದಾಯಿತು.

ಮತ್ತೊಂದು ಮನೆಯಲ್ಲಿ: 'ಪಾಪ, ಬಿಡು ಕಂದಾ, ಇವತ್ತು ಹೋಂವರ್ಕ್ ಬೇಡ. ನಾನೇ ಬರೆದುಕೊಡ್ತೀನಿ.' ಬೇಜಾರನ್ನು ಒಪ್ಪಿಕೊಂಡರು, ಆದರೆ ಅದರಿಂದ ಹೊರಬರುವ ದಾರಿ ತೋರಿಸಲಿಲ್ಲ. ಪ್ರೀತಿಯ ಹೆಸರಲ್ಲಿ ನಡೆಯುವುದರಿಂದ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ.

ನಾಲ್ಕನೆಯದು: 'ಎಷ್ಟು ಸಲ ಮಾಡಿದ್ರೂ ಬರ್ತಿಲ್ಲ ಅಂತ ಸಿಟ್ಟು ಬಂದಿದೆ, ಅಲ್ವಾ ಪುಟ್ಟಾ? ಸಿಟ್ಟು ಯಾರಿಗಾದ್ರೂ ಬರುತ್ತೆ. ಪೆನ್ಸಿಲ್ ಎಸೆಯೋದು ಮಾತ್ರ ಬೇಡ. ಎತ್ಕೊಂಡು ಬಾ. ಎಲ್ಲಿ ಸಿಕ್ಕಿಹಾಕ್ಕೊಂಡೆ ತೋರಿಸು.' ಗಾಟ್‌ಮನ್ ಭಾವನೆಯ ಕೋಚಿಂಗ್ ಎಂದು ಕರೆದದ್ದು ಇದನ್ನು. ಇದರಲ್ಲಿ ಆದದ್ದು ಇಷ್ಟು: ಗಮನಿಸಿದರು, ಹತ್ತಿರ ಬಂದರು, ಕೇಳಿಸಿಕೊಂಡರು, ಆ ಭಾವನೆಗೆ ಒಂದು ಹೆಸರು ಕೊಟ್ಟರು, ಎಲ್ಲೆ ಹಾಕಿ ದಾರಿ ಹುಡುಕಿದರು. ಯಾವ ಭಾವನೆ ಬಂದರೂ ಸರಿ, ಆದರೆ ಹೇಗೆ ಬೇಕಾದರೂ ವರ್ತಿಸಬಹುದು ಎಂದಲ್ಲ. ಈ ಕೊನೆಯ ಮಾತನ್ನು ಮರೆತವರೇ 'ಈಗಿನ ಕಾಲದಲ್ಲಿ ಮಕ್ಕಳಿಗೆ ಏನೂ ಅನ್ನೋ ಹಾಗಿಲ್ಲ' ಎಂದು ಗೊಣಗುವುದು.

ಎಲ್ಲ ದಿನವೂ ಹೀಗೆ ಮಾತಾಡಲು ಯಾರಿಗೂ ಆಗುವುದಿಲ್ಲ. ಕುಕ್ಕರ್ ಕೂಗುತ್ತಿರುತ್ತದೆ, ಆಫೀಸಿನ ಫೋನು ಬರುತ್ತಿರುತ್ತದೆ. ಪರವಾಗಿಲ್ಲ. ಸಿಟ್ಟಿನ ಹೊತ್ತಿನಲ್ಲಿ ಆಗದಿದ್ದರೆ ಊಟದ ಹೊತ್ತಿನಲ್ಲಿ ಮಾತು ತೆಗೆಯಬಹುದು. ಅಪ್ಪ ಅಮ್ಮನಿಗೂ ಕೋಚಿಂಗ್ ಕೊಡುವವರು ಮಾಡುವ ನಿಜವಾದ ಕೆಲಸ ಇದೇ. ಅವರು ಮಗುವನ್ನು ರಿಪೇರಿ ಮಾಡಿ ಕೊಡುವುದಿಲ್ಲ. ವಾರದಲ್ಲಿ ಎರಡು ಮೂರು ಗಂಟೆ ಬರುವ ಟ್ಯೂಟರ್‌ಗಿಂತ ಮನೆಯ ಮಾತು ಮಗುವಿನ ಕಿವಿಯಲ್ಲಿ ಜಾಸ್ತಿ ಹೊತ್ತು ಇರುತ್ತದೆ. ಆ ಮಾತು ಬದಲಾಗಲು ನೆರವಾಗುತ್ತಾರೆ.

ನಮ್ಮಲ್ಲಿ ಏನಿದೆ

ನಮ್ಮ ಊರುಗಳ ಟ್ಯೂಷನ್ ಬಹುತೇಕ ಹೀಗೆ ಒಂದೇ ಮಗುವಿನ ಜೊತೆ ಕೂರುವ ಬಗೆಯದಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಹದಿನೈದು ಮಕ್ಕಳು, ಐದಾರು ಕ್ಲಾಸು, ಎಲ್ಲರ ಹೋಂವರ್ಕ್ ಮುಗಿಸಿ ಕಳಿಸುವುದು. ಉಪಯೋಗವಿಲ್ಲ ಎನ್ನಲಾರೆ. ಆದರೆ 364ರ ಹಿಂದಿನ ನಿಯಮ ಅಲ್ಲಿಯೂ ಸಿಕ್ಕುವುದಿಲ್ಲ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ದುಡ್ಡು ಕೊಟ್ಟು ಟ್ಯೂಷನ್‌ಗೆ ಹೋಗುವ ಒಂದರಿಂದ ಎಂಟನೇ ತರಗತಿಯ ಮಕ್ಕಳು 2018ರಲ್ಲಿ ಶೇ. 26.4 ಇದ್ದರು, 2022ಕ್ಕೆ ಶೇ. 30.5 ಆದರು. ಅಂದಹಾಗೆ, ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಎನ್ನುತ್ತದೆ. ಎಷ್ಟು ಜನ ಪಾಲಿಸುತ್ತಾರೆ ಎನ್ನುವುದು ಓದುಗರಿಗೇ ಗೊತ್ತು.

ಆದರೆ ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ ನಿಂತು ಕಲಿಯಬೇಕು ಎಂಬ ಯೋಚನೆ ಕರ್ನಾಟಕಕ್ಕೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿ-ಕಲಿಯ ಜೀವಾಳ ಅದೇ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿ ಬಂದು ಕಾರ್ಡುಗಳನ್ನು ಮಾಡಿದರು, ಕಲಿಕೆಯ ಏಣಿ ಕಟ್ಟಿದರು. ಮಕ್ಕಳು ಕೂರುವ ಗುಂಪುಗಳನ್ನು ಗಮನಿಸಿ: ಒಂದರಲ್ಲಿ ಪೂರ್ತಿ ಶಿಕ್ಷಕರ ನೆರವು, ಇನ್ನೊಂದರಲ್ಲಿ ಅರ್ಧ, ಮತ್ತೊಂದರಲ್ಲಿ ಗೆಳೆಯರ ನೆರವು, ಕೊನೆಯದರಲ್ಲಿ ಮಗು ಸ್ವಂತ ಕಲಿಯುತ್ತದೆ. ವುಡ್, ಬ್ರೂನರ್, ರಾಸ್ ಹೇಳಿದ ಸಾರುವೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಿದರೂ ಸಿಗಲಿಕ್ಕಿಲ್ಲ.

ಕನ್ನಡ ಓದಿನ ವಿಷಯದಲ್ಲಿ ಅಪ್ಪ ಅಮ್ಮಂದಿರಿಗೆ ಒಂದು ಸಮಾಧಾನದ ಸುದ್ದಿಯಿದೆ. ಸೊನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಮ್ಮ ಅಕ್ಷರಗಳೆಲ್ಲ ಕೈವಶವಾಗಲು ಇಂಗ್ಲಿಷ್ ಅಕ್ಷರಗಳಿಗಿಂತ ಬಹಳ ಹೆಚ್ಚು ಸಮಯ ಬೇಕು. ಮೂರು ನಾಲ್ಕನೇ ತರಗತಿಯವರೆಗೂ ಅದು ನಡೆಯುತ್ತಲೇ ಇರುತ್ತದೆ. ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪಗಳು, ಸುಮ್ನೆ ಅಲ್ಲ. ಇಲ್ಲೂ ತಪ್ಪಿಗೆ ನಿಯಮ ಇರುತ್ತದೆ. 'ಅಕ್ಕ', 'ಅಮ್ಮ' ಸಲೀಸಾಗಿ ಓದುವ ಮಗು 'ಪುಸ್ತಕ'ದಲ್ಲಿ ತಡವರಿಸಿದರೆ ಕಷ್ಟ ಇರುವುದು ವಿಜಾತೀಯ ಒತ್ತಕ್ಷರದಲ್ಲಿ. 'ಸೂರ್ಯ'ವನ್ನು 'ಸೂಯರ' ಎಂದರೆ ಅದು ಕಣ್ಣಿಗೆ ಕಂಡ ಕ್ರಮದಲ್ಲೇ ಓದುತ್ತಿದೆ. ಅರ್ಕಾವೊತ್ತು ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು ಎಂದು ಯಾರೂ ಬಿಡಿಸಿ ಹೇಳಿಲ್ಲ. ಇಂಥ ಮಗುವಿಗೆ ಮತ್ತೆ ಇಡೀ ವರ್ಣಮಾಲೆ ಹತ್ತು ಸಲ ಬರೆಸಿದರೆ ಕೈ ನೋವಷ್ಟೇ ಲಾಭ.

ಹೇಳಿಕೊಡುವವರು ದೊಡ್ಡ ಪಂಡಿತರಾಗಿರಬೇಕೆಂದಿಲ್ಲ. ಮುಂಬೈ ಮತ್ತು ವಡೋದರಾದಲ್ಲಿ ಪ್ರಥಮ್ ಸಂಸ್ಥೆ ನಡೆಸಿದ ಬಾಲಸಖಿ ಕಾರ್ಯಕ್ರಮದಲ್ಲಿ ಹಿಂದುಳಿದ ಮಕ್ಕಳ ಸಣ್ಣ ಗುಂಪುಗಳಿಗೆ ಕಲಿಸಿದವರು ಅದೇ ಬಡಾವಣೆಯ, ಸ್ವಲ್ಪ ಓದಿದ ಯುವತಿಯರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು 2007ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಮಕ್ಕಳು ಚೆನ್ನಾಗಿಯೇ ಮುಂದೆ ಬಂದಿದ್ದರು. ಇಟಲಿಯಲ್ಲಿ 2020ರ ಲಾಕ್‌ಡೌನ್ ಹೊತ್ತಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಬಡ ಮಕ್ಕಳಿಗೆ ಆನ್‌ಲೈನಿನಲ್ಲಿ ವಾರಕ್ಕೆ ಮೂರು ಗಂಟೆ ಉಚಿತವಾಗಿ ಪಾಠ ಹೇಳಿದರು. ಮಿಕೇಲಾ ಕಾರ್ಲಾನಾ ಮತ್ತು ಎಲಿಯಾನಾ ಲಾ ಫೆರಾರಾ ಅದನ್ನು ಅಳೆದರು. ಮಾರ್ಕ್ಸ್ ಏರಿತು, ಮಕ್ಕಳ ಮನಸ್ಸಿನ ನೆಮ್ಮದಿಯೂ ಏರಿತು. ಅದೇ ವರ್ಷ ಬೋಟ್ಸ್‌ವಾನಾದಲ್ಲಿ ಸಾಮಾನ್ಯ ಫೋನಿನಲ್ಲೇ ಪಾಠ ನಡೆಯಿತು. ಸ್ಪೀಕರ್ ಹಾಕಿಸಿ, ಮನೆಯವರನ್ನೂ ಮಗುವನ್ನೂ ಕೂರಿಸಿಕೊಂಡು, ವಾರಕ್ಕೊಮ್ಮೆ ಸುಮಾರು ಇಪ್ಪತ್ತು ನಿಮಿಷ. ಬರೀ ಎಸ್ಎಂಎಸ್ ಕಳಿಸಿದಾಗ ಹೇಳಿಕೊಳ್ಳುವ ಫಲ ಸಿಗಲಿಲ್ಲ, ಜೊತೆಗೆ ಮಾತಾಡಿದಾಗ ಸಿಕ್ಕಿತು. ಮಗುವಿಗೆ ನಿಜವಾಗಿ ಎಷ್ಟು ಬರುತ್ತದೆ ಎಂಬ ಅಂದಾಜು ಮನೆಯವರಿಗೂ ಮೊದಲಿಗಿಂತ ಸರಿಯಾಗಿ ಸಿಕ್ಕಿತು.

ಯಾರನ್ನು ಹುಡುಕಬೇಕು, ಯಾವಾಗ ನಿಲ್ಲಿಸಬೇಕು

'ಎಷ್ಟು ಮಾರ್ಕ್ಸ್ ಬರಿಸುತ್ತೀರಿ' ಎಂದು ಕೇಳಬೇಡಿ. 'ಮೊದಲನೇ ವಾರ ಏನು ಮಾಡುತ್ತೀರಿ' ಎಂದು ಕೇಳಿ. ಸಿಲಬಸ್ ಶುರು ಮಾಡುತ್ತೇನೆ ಎಂದರೆ ಸ್ವಲ್ಪ ಯೋಚಿಸಿ. ಮಗುವಿಗೆ ಎಲ್ಲಿವರೆಗೆ ಬರುತ್ತದೆ ಎಂದು ನೋಡುತ್ತೇನೆ ಎನ್ನುವವರು ಬೇಕು. ಅದನ್ನು ನೀವೂ ನೋಡಬಹುದು. ಅಸರ್ ಓದಿನ ಪರೀಕ್ಷೆ ಮಾಡುವುದು ಒಂದು ಮಗುವಿನ ಜೊತೆ ಕೂತು, ಬಾಯಲ್ಲೇ: ಅಕ್ಷರ, ಪದ, ಒಂದನೇ ತರಗತಿಯ ಮಟ್ಟದ ಪ್ಯಾರಾ, ಎರಡನೇ ತರಗತಿಯ ಮಟ್ಟದ ಕಥೆ. ಐದನೇ ಕ್ಲಾಸಿನ ಮಗು ಪ್ಯಾರಾದಲ್ಲಿ ನಿಂತಿದ್ದರೆ ಪಾಠ ಅಲ್ಲಿಂದ ಶುರುವಾಗಬೇಕು, ಐದನೇ ಕ್ಲಾಸಿನ ಪುಸ್ತಕದಿಂದ ಅಲ್ಲ. ಆಮೇಲೆ ಒಂದು ಪಾಠಕ್ಕೆ ಪಕ್ಕದ ಕೋಣೆಯಲ್ಲಿ ಕೂತು ಕಿವಿ ಕೊಡಿ. ಯಾರ ದನಿ ಜಾಸ್ತಿ ಕೇಳುತ್ತಿದೆ? ಮಗುವಿನದೋ, ಟ್ಯೂಟರ್‌ದೋ?

ಕೋಚ್ ಎಂದು ಬೋರ್ಡ್ ಹಾಕಿಕೊಳ್ಳಲು ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ಸ್ಪೆಷಲ್ ಎಜುಕೇಟರ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ, ನಂಬರ್ ಕೇಳುವುದರಲ್ಲಿ ಸಂಕೋಚ ಬೇಡ. ಯಾವಾಗ ಅವರ ಹತ್ತಿರ ಹೋಗಬೇಕು? ಎಂಟು ವರ್ಷ ದಾಟಿದ ಮಗು, ತಿಂಗಳುಗಟ್ಟಲೆ ಸರಿಯಾಗಿ ಹೇಳಿಕೊಟ್ಟರೂ ಓದಿನಲ್ಲೋ ಬರಹದಲ್ಲೋ ಲೆಕ್ಕದಲ್ಲೋ ಮಾತ್ರ ಮುಂದೆ ಹೋಗುತ್ತಿಲ್ಲ ಎಂದರೆ ಕಲಿಕಾ ನ್ಯೂನತೆ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಗುರುತಿಸಿದೆ. ಸಾಮಾನ್ಯ ಟ್ಯೂಷನ್ ಇದಕ್ಕೆ ಮದ್ದಲ್ಲ. ನಿದ್ದೆ ಊಟ ಕೆಟ್ಟಿದ್ದರೆ, ಶಾಲೆಗೆ ಹೋಗಲು ವಾರಗಟ್ಟಲೆ ಹಟ ಹಿಡಿದರೆ, ಬದುಕು ಬೇಡ ಎಂಬಂಥ ಮಾತು ಬಂದರೆ ಕೋಚ್ ಅಲ್ಲ, ವೈದ್ಯರು ಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ನಿಲ್ಲಿಸುವುದನ್ನು ಶುರುವಿನಲ್ಲೇ ಮಾತಾಡಿಕೊಳ್ಳಿ. ಯಾವುದು ಬಂದರೆ ಸಾಕು ಎಂದು ಬರೆದಿಟ್ಟುಕೊಳ್ಳಿ, 'ಗಣಿತ ಸುಧಾರಿಸಬೇಕು' ಎಂದಲ್ಲ, 'ಸೊನ್ನೆ ಇರುವ ಕಳೆಯುವ ಲೆಕ್ಕ ಯಾರ ನೆರವಿಲ್ಲದೆ ಬರಬೇಕು' ಎಂದು. ಅದು ಬಂದ ಮೇಲೆ ವಾರಕ್ಕೆ ಮೂರು ದಿನ ಇದ್ದದ್ದನ್ನು ಒಂದಕ್ಕೆ ಇಳಿಸಿ. ಆಮೇಲೆ ಕೆಲವು ವಾರ ಪೂರ್ತಿ ಬಿಟ್ಟು, ಅದೇ ಬಗೆಯ ನಾಲ್ಕು ಲೆಕ್ಕ ಕೊಟ್ಟು ನೋಡಿ. ಬಂದರೆ ಟ್ಯೂಷನ್ ಮುಗಿಯಿತು. ಬರದಿದ್ದರೆ ಎಲ್ಲಿ ಸಡಿಲವಿದೆ ಎಂದು ಗೊತ್ತಾಯಿತಲ್ಲ, ಅಷ್ಟಕ್ಕೆ ಮಾತ್ರ ಮತ್ತೆ ಕರೆಯಿರಿ.